ಜಿಟಿಎ 5ರಲ್ಲಿ ನೆರಳಿನ ಸೆಟ್ಟಿಂಗ್: ಯಾವುದಿರಲಿ, ಯಾವುದು ಬೇಡ

ಜಿಟಿಎ 5 ಎಂಬ ವಿಡಿಯೋ ಗೇಮ್‌ನ 2015ರ ಪಿಸಿ ಆವೃತ್ತಿಯಲ್ಲಿ ನೆರಳಿನ ಆಯ್ಕೆಗಳು ಎರಡು ಪುಟಗಳಲ್ಲಿವೆ. ಗ್ರಾಫಿಕ್ಸ್ ಪುಟದಲ್ಲಿ ಶ್ಯಾಡೋ ಕ್ವಾಲಿಟಿ, ಸಾಫ್ಟ್ ಶ್ಯಾಡೋಸ್. ಅಡ್ವಾನ್ಸ್ಡ್ ಗ್ರಾಫಿಕ್ಸ್‌ನಲ್ಲಿ ಲಾಂಗ್ ಶ್ಯಾಡೋಸ್, ಹೈ ರೆಸಲ್ಯೂಶನ್ ಶ್ಯಾಡೋಸ್, ಎಕ್ಸ್‌ಟೆಂಡೆಡ್ ಶ್ಯಾಡೋಸ್ ಡಿಸ್ಟೆನ್ಸ್. ಈ ಕೊನೆಯ ಮೂರರಲ್ಲಿ ಮೊದಲೆರಡನ್ನು ಆಫ್ ಮಾಡಿ, ಮೂರನೆಯದರ ಸ್ಲೈಡರ್ ಪೂರ್ತಿ ಎಡಕ್ಕೆ ಎಳೆಯಿರಿ.

ಈಗ ಕ್ವಾಲಿಟಿ ಹೈ, ಸಾಫ್ಟ್ ಶ್ಯಾಡೋಸ್ 'ಸಾಫ್ಟರ್'. ಸ್ಟೋರಿ ಮೋಡ್‌ನಲ್ಲಿ ಬಿಸಿಲಿನ ಹೊತ್ತು ತಂತಿ ಬೇಲಿಯ ಪಕ್ಕ ನಿಂತು ನೆಲ ನೋಡಿ. ಬೇಲಿಯ ನೆರಳು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಮಾತ್ರ ವೆರಿ ಹೈಗೆ ಏರಿಸಿ. ಅಂಚು ಮಸುಕಾದರೆ ಕಡಿಮೆ ರೆಸಲ್ಯೂಶನ್ನಿನ ಹಲ್ಲುಗಳು ಅದರಲ್ಲೇ ಮುಚ್ಚಿಹೋಗುತ್ತವೆ. ಹಾಗಾಗಿ 'ವೆರಿ ಹೈ, ಶಾರ್ಪ್' ಜೋಡಿಗಿಂತ 'ಹೈ, ಸಾಫ್ಟರ್' ಜೋಡಿಯೇ ಕಣ್ಣಿಗೆ ಹಿತ. ಸಾಫ್ಟ್ ಶ್ಯಾಡೋಸ್‌ನಲ್ಲೇ ಇರುವ ಎಎಂಡಿ ಸಿಎಚ್‌ಎಸ್ ಅಥವಾ ಎನ್‌ವಿಡಿಯಾ ಪಿಸಿಎಸ್‌ಎಸ್ ಆರಿಸಿದರೆ ಕಂಬದ ಬುಡದಲ್ಲಿ ನೆರಳು ಚೂಪಾಗಿ, ತುದಿಗೆ ಹೋದಂತೆ ಹರಡುತ್ತದೆ. ಚೆಂದವೇ, ಆದರೆ ದುಬಾರಿ.

ನೆರಳಿಗಾಗಿ ಗೇಮ್ ಇಡೀ ದೃಶ್ಯವನ್ನು ಸೂರ್ಯನ ಕಡೆಯಿಂದ ಇನ್ನೊಮ್ಮೆ ಬಿಡಿಸಿ, ಪ್ರತಿ ಬಿಂದುವಿನ ದೂರವನ್ನು ಒಂದು ನಕ್ಷೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅಂಥ ನಕ್ಷೆ 2048×2048 ಇದ್ದು, ಬಿಂದುವಿಗೆ 4 ಬೈಟ್ ಹಿಡಿದರೆ 16 ಎಂಬಿ. 4096×4096 ಆದರೆ 64 ಎಂಬಿ. ಹೈ ರೆಸಲ್ಯೂಶನ್ ಶ್ಯಾಡೋಸ್ ಆನ್ ಮಾಡಿದಾಗ ಸೆಟ್ಟಿಂಗ್ ಪುಟದ ಮೇಲಿರುವ, ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಬಳಕೆ ತೋರಿಸುವ ಪಟ್ಟಿ ಏರುವುದು ಇದಕ್ಕೇ. ಪಟ್ಟಿ ಮಿತಿ ದಾಟಿದರೆ ಆಟ ತಡವರಿಸುತ್ತದೆ. ಆಗ ಮೊದಲು ಇದನ್ನು ಆಫ್ ಮಾಡಿ, ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಗುಣಮಟ್ಟ ಇಳಿಸಬೇಡಿ.

ಲಾಂಗ್ ಶ್ಯಾಡೋಸ್‌ನ ಗುಣ ಕಾಣುವುದು ಮುಖ್ಯವಾಗಿ ಬೆಳಗ್ಗೆ, ಸಂಜೆ ಸೂರ್ಯ ಕೆಳಗಿದ್ದಾಗ. ಪರೀಕ್ಷೆಯೂ ಆ ಹೊತ್ತಲ್ಲೇ ಆಗಲಿ.

ಒಂದು ಸಲಕ್ಕೆ ಒಂದೇ ಆಯ್ಕೆ ಬದಲಿಸಿ, ವಿಂಡೋಸ್ ಕೀ ಜೊತೆ ಜಿ ಒತ್ತಿ ಪರ್ಫಾರ್ಮೆನ್ಸ್ ಕಿಟಕಿಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್), ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ ನೋಡಿ. 60 ಎಫ್‌ಪಿಎಸ್ ಬೇಕೆಂದರೆ ಪ್ರತಿ ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ಜಿಪಿಯು 95%ಗಿಂತ ಮೇಲಿದ್ದರೆ ಸಾಫ್ಟ್ ಶ್ಯಾಡೋಸ್, ಆಮೇಲೆ ಕ್ವಾಲಿಟಿ ಇಳಿಸಿ. ಜಿಪಿಯು 70%ರ ಆಸುಪಾಸಿನಲ್ಲಿದ್ದೂ ಫ್ರೇಮುಗಳನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಆಫ್ ಇದ್ದೂ ಎಫ್‌ಪಿಎಸ್ ಏರದಿದ್ದರೆ ಅಡಚಣೆ ಪ್ರೊಸೆಸರ್‌ನದು. ಅಲ್ಲಿ ರೆಸಲ್ಯೂಶನ್ ತಗ್ಗಿಸಿ ಪ್ರಯೋಜನವಿಲ್ಲ. ನೆರಳಿನ ದೂರ ಕಡಿಮೆ ಮಾಡಿದರೆ ಮತ್ತೆ ಬಿಡಿಸಬೇಕಾದ ವಸ್ತುಗಳೇ ಕಡಿಮೆಯಾಗುತ್ತವೆ.

ಇಷ್ಟಾದರೂ ನಿಂತಲ್ಲೇ ನೆರಳಿನ ಅಂಚು ಹರಿದಾಡಿದರೆ ಗ್ರಾಫಿಕ್ಸ್ ಕಾರ್ಡನ್ನು ಬೈಯಬೇಡಿ. ಈ ಆಟದ ಒಂದು ಗಂಟೆ ನಮ್ಮ ಎರಡು ನಿಮಿಷ, ಸೂರ್ಯ ಅಷ್ಟು ಬೇಗ ಓಡುತ್ತಾನೆ. ಸಾಫ್ಟ್ ಶ್ಯಾಡೋಸ್ ಅನ್ನು 'ಸಾಫ್ಟೆಸ್ಟ್' ಮಾಡಿದರೆ ಅದು ಕಣ್ಣಿಗೆ ಕುಕ್ಕುವುದು ತಗ್ಗುತ್ತದೆ.