ಮನೆಯ ಗ್ಯಾರೇಜಿನಲ್ಲಿ ಕಿಟ್ ವಿಮಾನ: ಬಾಲದಿಂದ ಶುರು ಮಾಡಿ

ಕಿಟ್ ವಿಮಾನ ಅಂದರೆ ಕಂಪನಿ ಕಳಿಸುವ ಬಿಡಿಭಾಗಗಳನ್ನು ನಾವೇ ಜೋಡಿಸಿ ಕಟ್ಟುವ ವಿಮಾನ. ಎರಡು ಸೀಟಿನ ಅಲ್ಯೂಮಿನಿಯಂನದಾದರೆ ಸಾವಿರಾರು ರಿವೆಟ್ (ತಗಡುಗಳನ್ನು ಕೂಡಿಸಿ ಹಿಡಿಯುವ ಲೋಹದ ಮೊಳೆ), ಅಷ್ಟೇ ತೂತು. ರಿವೆಟ್ ಕೆಟ್ಟರೆ ಕೊರೆದು ತೆಗೆದು ಇನ್ನೊಂದು ಹೊಡೆಯಬಹುದು. ತೂತು ಕೆಟ್ಟರೆ ಬಹಳ ಸಲ ತಗಡೇ ಹೋದಂತೆ. ಹೊಸದು ಹಡಗಿನಲ್ಲಿ ಬಂದು, ಕಸ್ಟಮ್ಸ್ ದಾಟಿ, ಬೆಳಗಾವಿ ಮುಟ್ಟುವವರೆಗೆ ಕೆಲಸ ನಿಂತಿತು. ಬಾಲದಿಂದ, ಅಂದರೆ ರಡ್ಡರ್ (ಮೂತಿಯನ್ನು ಎಡಬಲ ತಿರುಗಿಸುವ ಪಟ್ಟಿ) ಮತ್ತು ಸ್ಟೆಬಿಲೈಜರ್‌ನಿಂದ (ವಿಮಾನವನ್ನು ಸ್ಥಿರವಾಗಿಡುವ ಬಾಲದ ರೆಕ್ಕೆ) ಶುರು ಮಾಡಿ ಎನ್ನುವುದು ಇದಕ್ಕೇ. ರೆಕ್ಕೆಗೂ ಒಡಲಿಗೂ ಬೇಕಾದ ಕೈಕೆಲಸ ಹೆಚ್ಚುಕಡಿಮೆ ಎಲ್ಲವೂ ಅದರಲ್ಲಿ ಬಂದುಹೋಗುತ್ತದೆ, ಜಾಗ ಒಂದು ಮೇಜಿನಷ್ಟು ಸಾಕು, ತಪ್ಪಾದರೆ ನಷ್ಟವೂ ಸಣ್ಣದು. ವ್ಯಾನ್ಸ್, ಜೆನಿತ್‌ನಂಥ ಕಂಪನಿಗಳು ಬಾಲದ ಕಿಟ್ಟನ್ನೋ ಬರೀ ರಡ್ಡರ್ ಕಿಟ್ಟನ್ನೋ ಬೇರೆಯಾಗಿಯೇ ಮಾರುತ್ತವೆ. ಮೊದಲು ಅಷ್ಟನ್ನೇ ತರಿಸಿ.

ದುಡ್ಡು ಕಟ್ಟುವ ಮುಂಚೆ

ನೋಂದಣಿ ಮತ್ತು ಹಾರಾಟದ ಪರವಾನಗಿ ಎರಡೂ ಡಿಜಿಸಿಎ, ಅಂದರೆ ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕೈಯಲ್ಲಿವೆ. ಅದರ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಕಿಟ್ ಆರ್ಡರ್ ಮಾಡುವ ಮುಂಚೆಯೇ ಯಾವ ವರ್ಗದಲ್ಲಿ ಅರ್ಜಿ, ಯಾವ ಹಂತದಲ್ಲಿ ಯಾರು ಬಂದು ನೋಡಬೇಕು ಎಂಬುದನ್ನು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಮುಂಬೈನ ಕಾಂದಿವಲಿಯಲ್ಲಿ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅದನ್ನು ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಇಟ್ಟದ್ದು 2016ರಲ್ಲಿ. ನೋಂದಣಿ ಸಿಕ್ಕದ್ದು 2017ರಲ್ಲಿ, ಹಾರಾಟದ ಪರ್ಮಿಟ್ 2019ರಲ್ಲಿ. ಕಾಗದದ ಕೆಲಸಕ್ಕೆ ವರ್ಷಗಳೇ ಹಿಡಿಯುತ್ತವೆ ಎಂದು ಲೆಕ್ಕ ಹಾಕಿಯೇ ಹೊರಡಿ. ಮೊದಲ ದಿನದಿಂದ ದಿನಚರಿ ಬರೆಯಿರಿ: ತಾರೀಖು, ಗಂಟೆ, ಮಾಡಿದ ಕೆಲಸ, ನಕ್ಷೆಯ ಪುಟ ಸಂಖ್ಯೆ. ತಗಡು ಮುಚ್ಚುವ ಮುಂಚೆ ಒಳಗಿನ ಫೋಟೋ ತೆಗೆಯಿರಿ, ನಿಮ್ಮ ಕೈಯೂ ಮುಖವೂ ಅದರಲ್ಲಿ ಕಾಣುವಂತಿರಲಿ. ಕಟ್ಟಿದವರು ನೀವೇ ಎಂಬುದಕ್ಕೆ ಅದೇ ಸಾಕ್ಷಿ.

ಎಂಜಿನ್ ಆರಿಸುವಾಗ ನಮ್ಮ ಊರನ್ನು ಮರೆಯಬೇಡಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ನೆಲವೇ ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಎತ್ತರ. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಬಿಸಿಲಲ್ಲಿ ಅಲ್ಲಿನ ಗಾಳಿ 1,650 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಕಂಪನಿ ಕೊಡುವ ಟೇಕಾಫ್ ದೂರ ಸಮುದ್ರಮಟ್ಟದ, 15 ಡಿಗ್ರಿಯ ಲೆಕ್ಕ. ಇಂಥ ಸಣ್ಣ ವಿಮಾನಗಳಿಗೆ ಹಾಕುವ ರೋಟ್ಯಾಕ್ಸ್ 912 ಎಂಜಿನ್‌ನಲ್ಲಿ 80 ಮತ್ತು 100 ಕುದುರೆಶಕ್ತಿಯ ಎರಡು ಬಗೆ ಇವೆ. ಇಬ್ಬರು ಕೂತು ನಮ್ಮ ಕಡೆ ಹಾರುವುದಾದರೆ 100ರದ್ದೇ ಸರಿ. ಇನ್ನೊಂದು ಮಾತು: ಈ ಎಂಜಿನ್‌ಗೆ ಎಥೆನಾಲ್ ಶೇ. 10ರವರೆಗೆ ಮಾತ್ರ ಒಪ್ಪಿಗೆ. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 20ರ ಪೆಟ್ರೋಲು. ಅನುಮಾನವಿದ್ದರೆ ಅಳತೆ ಜಾಡಿಯಲ್ಲಿ 10 ಮಿ.ಲೀ. ನೀರಿಗೆ 90 ಮಿ.ಲೀ. ಪೆಟ್ರೋಲು ಸುರಿದು ಕುಲುಕಿ ಇಡಿ. ತಳದ ನೀರಿನ ಗೆರೆ 10ಕ್ಕಿಂತ ಮೇಲೇರಿದರೆ ಎಥೆನಾಲ್ ಇದೆ ಎಂದರ್ಥ. ವಿಮಾನದ ಸೀಸಯುಕ್ತ ಪೆಟ್ರೋಲನ್ನೇ ಬಳಸಿದರೆ ಎಂಜಿನ್ ಆಯಿಲನ್ನು ಬೇಗ ಬೇಗ ಬದಲಿಸಬೇಕಾಗುತ್ತದೆ.

ಜಾಗ, ಮೇಜು, ಗಾಳಿ

ಬಾಲಕ್ಕೆ ಒಂದು ಕಾರು ನಿಲ್ಲುವ ಜಾಗ ಬೇಕಾದಷ್ಟಾಯಿತು. ಆದರೆ ಮುಂದೆ ಬರುವ ಒಡಲು 6ರಿಂದ 7 ಮೀಟರ್ ಉದ್ದ, ಒಂದೊಂದು ರೆಕ್ಕೆ ಮೂರೂವರೆಯಿಂದ 4 ಮೀಟರ್. ಗ್ಯಾರೇಜಿನ ಬಾಗಿಲಷ್ಟೇ ಅಲ್ಲ, ಗೇಟು ಮತ್ತು ಓಣಿಯ ತಿರುವನ್ನೂ ಈಗಲೇ ಟೇಪು ಹಿಡಿದು ಅಳೆಯಿರಿ. ಶಹಾಪುರ, ವಡಗಾವಿಯ ಹಳೇ ಓಣಿಗಳಲ್ಲಿ ಟ್ರಾಲಿ ತಿರುಗುವುದೇ ಕಷ್ಟ.

ಮೇಜಿಗೆ 8 ಅಡಿ 4 ಅಡಿಯ, 18 ಮಿ.ಮೀ. ದಪ್ಪದ ನೀರು ತಡೆಯುವ ಪ್ಲೈವುಡ್ ತನ್ನಿ. ಎಂಡಿಎಫ್ ಹಲಗೆ ಬೆಳಗಾವಿಯ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ. ಮೇಜು ಸೊಟ್ಟಗಾದರೆ ಅದರ ಮೇಲೆ ಕಟ್ಟಿದ ಸ್ಟೆಬಿಲೈಜರ್ ತಿರುಚುತ್ತದೆ, ತಿರುಚಿದ ಸ್ಟೆಬಿಲೈಜರ್ ವಿಮಾನವನ್ನು ಜೀವನಪೂರ್ತಿ ಒಂದು ಕಡೆ ಎಳೆಯುತ್ತದೆ. ಮಟ್ಟ ನೋಡಲು ದುಬಾರಿ ಲೇಸರ್ ಬೇಡ. ಗವಂಡಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ನಾಲ್ಕೂ ಮೂಲೆಯನ್ನು ಒಂದು ಮಿ.ಮೀ. ಒಳಗೆ ತಂದುಕೊಡುತ್ತದೆ. ಪಕ್ಕೆಲುಬುಗಳ (ಹೊದಿಕೆಗೆ ಒಳಗಿನಿಂದ ಆಕಾರ ಕೊಡುವ ಅಡ್ಡ ತಗಡು) ತಿರುಚು ನೋಡಲು ಅವರದೇ ತೂಕದ ಗುಂಡು ಸಾಕು.

ರಿವೆಟ್ ಗನ್ನಿಗೂ ಪ್ರೈಮರ್ ಹೊಡೆಯಲೂ ಗಾಳಿ ಕೊಡುವ ಕಂಪ್ರೆಸರ್ 50 ಲೀಟರ್ ಟ್ಯಾಂಕಿನದು, 2 ಎಚ್‌ಪಿಗೆ ಕಡಿಮೆ ಬೇಡ. ಮಳೆಗಾಲದಲ್ಲಿ ಟ್ಯಾಂಕಿನ ತಳದ ಕೀಲಿಯನ್ನು ದಿನಾ ಸಂಜೆ ತೆರೆದು ನೀರು ಬಿಡಿ, ಪೈಪಿಗೆ ನೀರು ಸೋಸುವ ಫಿಲ್ಟರ್ ಹಾಕಿ. ಇಲ್ಲವಾದರೆ ಪ್ರೈಮರ್ ಹೊಡೆದ ಕಡೆಯೆಲ್ಲ ಮೀನುಗಣ್ಣಿನಂಥ ಗುಳಿ ಏಳುತ್ತವೆ.

ಉದ್ಯಮಬಾಗದಲ್ಲಿ ಏನು ಸಿಗುತ್ತದೆ, ಏನು ತರಬಾರದು

ಬೆಳಗಾವಿಯಲ್ಲಿ ಕಟ್ಟುವವರಿಗೆ ಒಂದು ಭಾಗ್ಯವಿದೆ. ಉದ್ಯಮಬಾಗದ ಲೇತ್ ಮತ್ತು ಫೌಂಡ್ರಿಗಳಲ್ಲಿ ಮೇಜಿನ ಕಾಲು, ಒಡಲು ಇಡುವ ಸ್ಟ್ಯಾಂಡು, ಡಿಂಪಲ್ (ಚಪ್ಪಟೆ ರಿವೆಟ್‌ನ ತಲೆ ಕೂರಲು ತೂತಿನ ಸುತ್ತ ತಗ್ಗು) ಹೊಡೆಯುವ ಸಿ-ಫ್ರೇಮು, ಬಕಿಂಗ್ ಬಾರ್ (ರಿವೆಟ್ ಹೊಡೆಯುವಾಗ ಹಿಂದೆ ಆನಿಸುವ ತುಂಡು) ಎಲ್ಲವನ್ನೂ ಮಾಡಿಸಬಹುದು. ಬಕಿಂಗ್ ಬಾರ್ ಸುಮಾರು ಒಂದೂವರೆ ಕೆ.ಜಿ. ಇರಲಿ, ಗಟ್ಟಿ ಉಕ್ಕಿನದಾಗಿರಲಿ, ರಿವೆಟ್ ತಾಗುವ ಮುಖ ಕನ್ನಡಿಯಂತೆ ಹೊಳೆಯಲಿ, ಅಂಚೆಲ್ಲ ದುಂಡಗಿರಲಿ. ಹತ್ತರಗಿಯ ಏಕಸ್ ಕೈಗಾರಿಕಾ ವಲಯದಲ್ಲಿ ದೊಡ್ಡ ವಿಮಾನಗಳ ಬಿಡಿಭಾಗ ತಯಾರಾಗುತ್ತವೆ. ಅಲ್ಲಿ ತಪಾಸಣೆ ವಿಭಾಗದಲ್ಲಿ ದುಡಿದವರು ಪರಿಚಯವಿದ್ದರೆ ನಿಮ್ಮ ಮೊದಲ ತುಂಡನ್ನು ಅವರಿಗೆ ತೋರಿಸಿ. ಬರ್ (ಕೊರೆದ ತೂತಿನ ಅಂಚಿನಲ್ಲಿ ಏಳುವ ಲೋಹದ ಮುಳ್ಳು) ಉಳಿದಿದೆಯೇ ಎಂಬುದು ಅವರ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ.

ತರಬಾರದ್ದು ಬೋಲ್ಟು, ನಟ್ಟು, ರಿವೆಟ್, ಕೇಬಲ್. ಪೇಟೆಯ ರಿವೆಟ್ ಮೆದು ಅಲ್ಯೂಮಿನಿಯಂನದು. ವಿಮಾನದ ಎಡಿ ರಿವೆಟ್ 2117 ಮಿಶ್ರಲೋಹದ್ದು, ಅದರ ತಲೆಯ ನಡುವೆ ಒಂದು ಸಣ್ಣ ಗುಳಿ ಇರುತ್ತದೆ. ಗುಳಿ ಇಲ್ಲದ್ದು ಡಬ್ಬಿಯಲ್ಲಿ ಬೆರೆತಿದ್ದರೆ ಆರಿಸಿ ಎಸೆಯಿರಿ. ರಿವೆಟ್ ತಲೆ ಒಳಗೆ ಕೂರುವಂತೆ ತೂತಿನ ಬಾಯಿಯನ್ನು ಇಳಿಜಾರು ಮಾಡುವ ಕೌಂಟರ್‌ಸಿಂಕ್ ಬಿಟ್ ಕೂಡ ಇಲ್ಲಿಯದು ನಡೆಯದು. ನಮ್ಮ ಅಂಗಡಿಗಳಲ್ಲಿ ಸಿಗುವುದು 90 ಡಿಗ್ರಿಯದು, ವಿಮಾನದ ಚಪ್ಪಟೆ ತಲೆಯ ರಿವೆಟ್ 100 ಡಿಗ್ರಿ. ಕಣ್ಣಿಗೆ ಎರಡೂ ಒಂದೇ ಕಾಣುತ್ತವೆ, ಆದರೆ ತಲೆ ಅಂಚಿನಲ್ಲಷ್ಟೇ ಕೂತು ಕೆಳಗೆ ಟೊಳ್ಳು ಉಳಿಯುತ್ತದೆ.

ತೂತು

ಡ್ರಿಲ್ ಬಿಟ್‌ಗಳ ಗೊಂದಲ ಇಲ್ಲೇ ಬಗೆಹರಿಸಿಕೊಳ್ಳಿ. 3/32 ಇಂಚಿನ ರಿವೆಟ್‌ಗೆ ನಂ. 40 ಬಿಟ್, ಅಂದರೆ 2.49 ಮಿ.ಮೀ. ಪೇಟೆಯ 2.5 ಇದಕ್ಕೆ ನಡೆಯುತ್ತದೆ. 1/8 ಇಂಚಿನ ರಿವೆಟ್ 3.175 ಮಿ.ಮೀ. ದಪ್ಪ, ಅದಕ್ಕೆ ನಂ. 30, ಅಂದರೆ 3.26. ಪೇಟೆಯ 3.2 ಹಾಕಿದರೆ ಪ್ರೈಮರ್ ಆದಮೇಲೆ ರಿವೆಟ್ ಒಳಗೆ ಹೋಗುವುದಿಲ್ಲ, ಬಡಿದು ಕೂರಿಸಲು ಹೋದರೆ ತೂತಿನ ಅಂಚು ಹರಿಯುತ್ತದೆ. 3.5 ಹಾಕಿದರೆ ರಿವೆಟ್ ಒಳಗೇ ವಾಲಿ ಸೊಟ್ಟಗೆ ಮಡಚುತ್ತದೆ. ಹಾಗಾಗಿ ನಂ. 30 ಮತ್ತು 40 ಬಿಟ್‌ಗಳನ್ನು ಡಜನ್ ಲೆಕ್ಕದಲ್ಲಿ ಕಿಟ್ಟಿನ ಜತೆಗೇ ತರಿಸಿ. ಮೊಂಡಾದ ಬಿಟ್ ತೆಳು ತಗಡಿನಲ್ಲಿ ಗುಂಡಗಿನ ತೂತು ಕೊರೆಯುವುದಿಲ್ಲ, ಮೂರು ಮೂಲೆಯದು ಕೊರೆಯುತ್ತದೆ. ಕಂಪನಿ ಮೊದಲೇ ಕೊರೆದ ತೂತನ್ನು ಕೊನೆಯ ಅಳತೆಗೆ ತರಲು ಬಿಟ್ಟಿಗಿಂತ ರೀಮರ್ (ತೂತನ್ನು ನಯವಾಗಿ ಸ್ವಲ್ಪವೇ ಹಿಗ್ಗಿಸುವ ಉಪಕರಣ) ಒಳ್ಳೆಯದು.

ತಗಡಿನ ಮೇಲಿನ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ತಿಂಗಳುಗಟ್ಟಲೆ ಬಿಡಬೇಡಿ, ಅಡಿಯಲ್ಲಿ ತೇವ ಸಿಕ್ಕಿಕೊಂಡು ಲೋಹ ತಿನ್ನುತ್ತದೆ. ಗುರುತು ಹಾಕಲು ಪೆನ್ಸಿಲ್ ಬೇಡವೇ ಬೇಡ. ಪೆನ್ಸಿಲಿನ ಗ್ರಾಫೈಟು ಅಲ್ಯೂಮಿನಿಯಂ ಜತೆ ಸೇರಿ, ತೇವ ಸಿಕ್ಕ ಕಡೆ ಗೆರೆಯುದ್ದಕ್ಕೂ ತುಕ್ಕು ಹಬ್ಬಿಸುತ್ತದೆ. ತೆಳು ಮೊನೆಯ ಮಾರ್ಕರ್ ಬಳಸಿ. ಕಬ್ಬಿಣಕ್ಕೆ ಬಳಸಿದ ಕಾನಸು, ತಂತಿ ಬ್ರಷ್ ಈ ಮೇಜಿನ ಹತ್ತಿರ ಸುಳಿಯಬಾರದು. ಕಬ್ಬಿಣದ ಪುಡಿ ತಗಡಿನಲ್ಲಿ ನಾಟಿಕೊಂಡು ಕೆಡಿಸುತ್ತದೆ.

ಕೆಲಸದ ಕ್ರಮ ಹೀಗೆ: ಎಲ್ಲ ತಗಡಿನ ಅಂಚನ್ನು ಮೊದಲು ನಯ ಮಾಡಿ. ಸ್ಪಾರ್ (ಉದ್ದಕ್ಕೂ ಹೋಗುವ ಮುಖ್ಯ ತೊಲೆ), ಪಕ್ಕೆಲುಬು, ಮೇಲಿನ ಹೊದಿಕೆ ಜೋಡಿಸಿ ಕ್ಲೀಕೋ ಹಾಕಿ. ಕ್ಲೀಕೋ ಅಂದರೆ ರಿವೆಟ್ ಬರುವವರೆಗೆ ತಗಡನ್ನು ಬಿಗಿ ಹಿಡಿಯುವ ಸ್ಪ್ರಿಂಗಿನ ಪಿನ್ನು. ಬೆಳ್ಳಿ ಬಣ್ಣದ್ದು 3/32ಕ್ಕೆ, ತಾಮ್ರದ್ದು 1/8ಕ್ಕೆ. ಬೆಳ್ಳಿಯದು 300, ತಾಮ್ರದ್ದು 150 ಇದ್ದರೆ ಬಾಲಕ್ಕೆ ನೆಮ್ಮದಿ. ಎಲ್ಲ ತೂತನ್ನು ಕೊನೆಯ ಅಳತೆಗೆ ತಂದು, ಪೂರ್ತಿ ಬಿಚ್ಚಿ. ಬಿಚ್ಚಲು ಬೇಸರವಾಗುತ್ತದೆ, ಆದರೂ ಬಿಚ್ಚಲೇಬೇಕು. ಎರಡು ತಗಡಿನ ನಡುವೆ ಬರ್ ಉಳಿದರೆ ಅವು ಒಂದಕ್ಕೊಂದು ಅಂಟಿ ಕೂರುವುದಿಲ್ಲ, ರಿವೆಟ್ ಆ ಸಂದಿಯಲ್ಲೇ ಉಬ್ಬುತ್ತದೆ. ಪ್ರತಿ ತೂತಿನ ಎರಡೂ ಬದಿಗೆ ಬರ್ ತೆಗೆಯುವ ಬಿಟ್ಟನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಹೆಚ್ಚು ಬೇಡ. ಆಮೇಲೆ ಡಿಂಪಲ್, ಸ್ಕಾಚ್‌ಬ್ರೈಟ್‌ನಿಂದ ಉಜ್ಜುವುದು, ಅಸಿಟೋನ್‌ನಲ್ಲಿ ಒರೆಸುವುದು, ಎಪಾಕ್ಸಿ ಪ್ರೈಮರ್. ಉಜ್ಜಿ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಪ್ರೈಮರ್ ಹೊಡೆಯುವಾಗ ಬಟ್ಟೆಯ ಮಾಸ್ಕ್ ಏನೂ ತಡೆಯುವುದಿಲ್ಲ, ರಾಸಾಯನಿಕ ಆವಿ ಹಿಡಿಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಧಾರಾಕಾರ ಮಳೆಯ ದಿನ ಪ್ರೈಮರ್ ಮುಟ್ಟಬೇಡಿ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ತೊಂದರೆ ತದ್ವಿರುದ್ಧ: ಕಲಸಿದ ಪ್ರೈಮರ್ ಡಬ್ಬಿಯಲ್ಲೇ ಬೇಗ ಗಟ್ಟಿಯಾಗುತ್ತದೆ. ಬೆಳಿಗ್ಗೆ ಬೇಗ, ಸ್ವಲ್ಪ ಸ್ವಲ್ಪವೇ ಕಲಸಿ.

ಬಿಸಿಲಿನ ಇನ್ನೊಂದು ಆಟವಿದೆ. 4 ಮೀಟರ್ ಅಲ್ಯೂಮಿನಿಯಂ 20 ಡಿಗ್ರಿ ಬಿಸಿಯಾದರೆ ಸುಮಾರು 1.8 ಮಿ.ಮೀ. ಬೆಳೆಯುತ್ತದೆ. ಹೊದಿಕೆ ಅಂಗಳದ ಬಿಸಿಲಲ್ಲಿದ್ದು, ಸ್ಪಾರ್ ಗ್ಯಾರೇಜಿನ ನೆರಳಲ್ಲಿದ್ದರೆ ತೂತುಗಳು ಕೂಡುವುದಿಲ್ಲ. ಕೂಡದ ತೂತನ್ನು ಬಿಟ್ ಹಾಕಿ ಅಗಲಿಸಿದರೆ ಸಂಜೆ ತಂಪಾದ ಮೇಲೆ ಎಲ್ಲವೂ ಸಡಿಲ. ಎರಡನ್ನೂ ರಾತ್ರಿ ಒಂದೇ ಕಡೆ ಇಟ್ಟು ಬೆಳಿಗ್ಗೆ ಕೂಡಿಸಿ.

ರಿವೆಟ್

ಉದ್ದದ ಲೆಕ್ಕ: ತಗಡುಗಳ ಒಟ್ಟು ದಪ್ಪ, ಜತೆಗೆ ರಿವೆಟ್ ವ್ಯಾಸದ ಒಂದೂವರೆ ಪಟ್ಟು. 0.8 ಮಿ.ಮೀ.ನ ಎರಡು ತಗಡಿಗೆ 1/8 ರಿವೆಟ್ ಆದರೆ 1.6 ಮತ್ತು 4.8, ಒಟ್ಟು 6.4 ಮಿ.ಮೀ. ಎಎನ್470ಎಡಿ4-4 ಎಂಬ ಸಂಖ್ಯೆಯ ರಿವೆಟ್ ಸರಿಯಾಗಿ ಅಷ್ಟೇ ಉದ್ದ. ಹೊಡೆದ ಮೇಲೆ ಒಳಬದಿಯ ತಲೆ 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ ಇರಬೇಕು. ಪ್ರತಿಯೊಂದನ್ನೂ ಗೇಜಿನಿಂದ ನೋಡಿ. ತೂತಿನ ನಡುವಿನಿಂದ ತಗಡಿನ ಅಂಚಿಗೆ ವ್ಯಾಸದ ಎರಡು ಪಟ್ಟು, ಇಲ್ಲಿ 6.4 ಮಿ.ಮೀ., ಇರಲೇಬೇಕು. ಕಡಿಮೆ ಇದ್ದರೆ ಅಂಚು ಹರಿಯುತ್ತದೆ.

ರಿವೆಟ್ ಗನ್ ಹಿಡಿಯುವವರು ಒಬ್ಬರು, ಒಳಗೆ ಬಕಿಂಗ್ ಬಾರ್ ಹಿಡಿಯುವವರು ಇನ್ನೊಬ್ಬರು. ಮಾತು ಮೊದಲೇ ಗೊತ್ತು ಮಾಡಿಕೊಳ್ಳಿ: ಬಾರ್ ಕೂತಿದೆ ಅಂದರೆ "ಹೊಡಿ", ಸಾಲದಿದ್ದರೆ "ಮತ್ತ", ಸರಿಯಾದರೆ "ಆತು". ಬಾರ್ ಹಿಡಿದವರು ಹೇಳದೆ ಟ್ರಿಗರ್ ಒತ್ತಬಾರದು. ಹಿಂದೆ ಬಾರ್ ಇಲ್ಲದೆ ಒಂದೇ ಒಂದು ಹೊಡೆತ ಬಿದ್ದರೂ ಹೊದಿಕೆ ತಗ್ಗಾಗುತ್ತದೆ, ಆ ತಗ್ಗು ಮತ್ತೆ ಏಳುವುದಿಲ್ಲ. ಅದೇ ದಪ್ಪದ ರದ್ದಿ ತಗಡಿನ ಮೇಲೆ ನೂರು ರಿವೆಟ್ ಹೊಡೆದು ಕೈ ಕೂತ ಮೇಲೆ ನಿಜವಾದ ತಗಡಿಗೆ ಬನ್ನಿ. ಸಾಲು ಹೊಡೆಯುವಾಗ ನಡುವಿನಿಂದ ಅಂಚಿಗೆ ಹೋಗಿ. ಎರಡೂ ತುದಿಯಿಂದ ಬಂದರೆ ಹಿಗ್ಗಿದ ತಗಡು ನಡುವೆ ಸೇರಿ ಎಣ್ಣೆ ಡಬ್ಬಿಯ ತಳದಂತೆ ಟಪಟಪ ಅನ್ನುತ್ತದೆ.

ಕೆಟ್ಟ ರಿವೆಟ್ ತೆಗೆಯುವಾಗ ತಲೆಯ ಗುಳಿಯಲ್ಲಿ ನಂ. 40 ಬಿಟ್ ಇಟ್ಟು ತಲೆಯ ಆಳದಷ್ಟೇ ಕೊರೆಯಿರಿ, ಪಿನ್ ಹಾಕಿ ತಲೆ ಮುರಿಯಿರಿ, ಹಿಂದೆ ಮರದ ತುಂಡು ಆನಿಸಿ ಉಳಿದದ್ದನ್ನು ಮೆಲ್ಲಗೆ ಬಡಿದು ಹೊರದಬ್ಬಿ. ಪೂರ್ತಿ ಆಳಕ್ಕೆ ಕೊರೆದರೆ ಬಿಟ್ ಜಾರಿ ತೂತು ಮೊಟ್ಟೆಯಾಕಾರವಾಗುತ್ತದೆ. ಒಂದು ರಿವೆಟ್ ಸ್ವಲ್ಪ ಕಡಿಮೆ ಕೂತಿದೆ ಎಂದು ಎರಡು ಮೂರು ಸಲ ತೆಗೆದು ಹಾಕಿ ತೂತನ್ನೇ ಕೆಡಿಸುವುದಕ್ಕಿಂತ, ಗೇಜಿನ ಮಿತಿಯೊಳಗಿದ್ದರೆ ಹಾಗೇ ಬಿಡುವುದು ಜಾಣತನ.

ಹಿಂಜಿನ ಬೋಲ್ಟು

ರಡ್ಡರ್ ತಿರುಗುವ ಕಡೆ ಬರುವುದು ಹೆಚ್ಚಾಗಿ ಎಎನ್3 ಎಂಬ ಅಳತೆಯ ಬೋಲ್ಟು. ಲಾಕ್‌ನಟ್ (ತಾನಾಗಿ ಸಡಿಲಾಗದ ನಟ್ಟು) ಹಾಕುವ ಕಡೆ ಬಿಗಿ 20ರಿಂದ 25 ಇಂಚು-ಪೌಂಡ್, ಅಂದರೆ 2.3ರಿಂದ 2.8 ನ್ಯೂಟನ್-ಮೀಟರ್, ಲಾಕ್‌ನಟ್ ಸುತ್ತುವಾಗ ಆಗುವ ಎಳೆತವನ್ನು ಅಳೆದು ಇದಕ್ಕೆ ಕೂಡಿಸಬೇಕು. ಮೋಟರ್‌ಸೈಕಲ್ ಗ್ಯಾರೇಜಿನ ಟಾರ್ಕ್ ಪಾನಾ ಶುರುವಾಗುವುದೇ ಇದಕ್ಕಿಂತ ಮೇಲೆ, ಅದರಲ್ಲಿ ಬಿಗಿದರೆ ಬೋಲ್ಟು ಎಳೆದುಹೋಗುತ್ತದೆ. ಬೋಲ್ಟು ಸ್ವತಃ ತಿರುಗುವ ಜಾಗದಲ್ಲಿ ಲಾಕ್‌ನಟ್ ಸಾಲದು, ಕ್ಯಾಸಲ್ ನಟ್ಟು (ತಲೆಯಲ್ಲಿ ಸೀಳುಗಳಿರುವ ನಟ್ಟು) ಮತ್ತು ಆ ಸೀಳಿನಲ್ಲಿ ತೂರಿಸಿ ಮಡಚುವ ಕಾಟರ್ ಪಿನ್ನೇ ಬೇಕು. ಬಿಗಿದ ಮೇಲೆ ನಟ್ಟಿನಿಂದ ತಗಡಿಗೆ ಬಣ್ಣದ ಒಂದು ಗೆರೆ ಎಳೆಯಿರಿ, ಸಡಿಲಾದರೆ ಗೆರೆ ತುಂಡಾಗಿ ಕಾಣುತ್ತದೆ.

ಮುಗಿದ ಬಾಲವನ್ನು ಅಗಲವಾದ ಬಟ್ಟೆಯ ಪಟ್ಟಿಯಲ್ಲಿ ಛಾವಣಿಯಿಂದ ತೂಗಿಸಿ, ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರುತ್ತದೆ. ಇಲಿ ಒಳಸೇರದಂತೆ ನೋಡಿಕೊಳ್ಳಿ, ಅದರ ಮೂತ್ರ ಅಲ್ಯೂಮಿನಿಯಂ ತಿನ್ನುತ್ತದೆ. ನೀರು ಹೋಗಲು ಬಿಟ್ಟ ಸಣ್ಣ ತೂತುಗಳಿಗೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. ಅವಕ್ಕೆ ಬಟ್ಟೆಯ ಟೇಪು ಅಂಟಿಸಿ, ಅಂಟಿಸಿದ ಪ್ರತಿಯೊಂದರ ಲೆಕ್ಕವನ್ನು ದಿನಚರಿಯಲ್ಲಿ ಬರೆದಿಡಿ. ಹಾರುವ ಮುಂಚೆ ಅಷ್ಟನ್ನೂ ಎಣಿಸಿ ತೆಗೆಯಬೇಕು.