ಸತ್ತ ದನದ ಕಿವಿಯೋಲೆ

2020ರ ಸೆಪ್ಟೆಂಬರ್ 20, ಭಾನುವಾರ. ಬೆಳಗಿನ ಜಾವ ಹಾಲು ಕರೆಯಲು ಎದ್ದರೆ ಅಂಗಳದಲ್ಲಿ ಮೊಣಕಾಲುದ್ದ ನೀರು. ಉಡುಪಿಯ ಸ್ವರ್ಣಾ ಹೊಳೆ ಮಳೆಗಾಲದಲ್ಲಿ ಗದ್ದೆಗೆ ಬಂದು ಹೋಗುವುದು ನಮಗೆ ಹೊಸದಲ್ಲ. ಹಟ್ಟಿಗೆ ನುಗ್ಗಿದ್ದು ಅದೇ ಮೊದಲು. ಮೂರು ದನಗಳ ಹಗ್ಗ ಕೊಯ್ದು ಬಿಟ್ಟೆವು. ಕಡೆಯ ಮೂಲೆಯಲ್ಲಿದ್ದ ಎಚ್‌ಎಫ್ ಎಂಬ ವಿದೇಶಿ ತಳಿಯ ದನ, ಅದರ ಕರು ಇದ್ದಲ್ಲಿಗೆ ಹೋಗುವಷ್ಟರಲ್ಲಿ ಮಣ್ಣಿನ ಗೋಡೆ ಕುಸಿಯಿತು.

ಮರುದಿನ ನೀರು ಇಳಿದಾಗ ದನವೂ ಕರುವೂ ಸತ್ತು ಉಬ್ಬಿದ್ದವು. ಬೇಗ ಗುಂಡಿ ತೋಡಿ ಅಂತ ಎಲ್ಲರೂ ಹೇಳುವವರೇ. ಡೈರಿಯ ಸೆಕ್ರೆಟರಿ ಮಾತ್ರ ಫೋನ್ ಮಾಡಿ, "ಅಕ್ಕ, ಡಾಕ್ಟ್ರು ಬಾರದೆ ಮಣ್ಣು ಹಾಕ್ಬೇಡಿ ಮಾರಾಯ್ರೆ" ಎಂದರು. ವಾಸನೆ ಸಹಿಸಿಕೊಂಡು ಸಂಜೆವರೆಗೆ ಕಾದೆವು. ಪಶು ವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿದರು, ಫೋಟೋ ತೆಗೆದರು. ಸರ್ಕಾರದ ನೆರೆ ಪರಿಹಾರ ಸಿಗಲು ನೆರೆಯಿಂದಲೇ ಸತ್ತದ್ದು ಎಂದು ವರದಿಯಲ್ಲಿ ಬರಬೇಕು, ರೋಗದಿಂದ ಸತ್ತರೆ ಈ ಲೆಕ್ಕಕ್ಕೆ ಇಲ್ಲ. ಗ್ರಾಮ ಲೆಕ್ಕಿಗರು ಮಹಜರು ಬರೆದರು. ಅರ್ಜಿ ತಾಲೂಕು ಆಫೀಸಿಗೆ ಹೋಯಿತು.

ಅಲ್ಲಿ ಸಿಕ್ಕಿಕೊಂಡಿತು. ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ದನಕ್ಕೆ ಗುರುತಿಗೆಂದು ಹನ್ನೆರಡು ಅಂಕಿಯ ಹಳದಿ ಕಿವಿಯೋಲೆ ಹೊಡೆದಿದ್ದರು. ಅವತ್ತು ಹಟ್ಟಿ ಬಾಗಿಲಲ್ಲಿ ನಿಂತಿದ್ದವರು ನನ್ನ ಮಾವ. ಸುಮ್ನೆ ಮಾಲೀಕರು ಅಂತ ಅವರ ಹೆಸರೇ ಬರೆದುಕೊಂಡಿದ್ದರು. ನೆರೆ ಬರುವ ಮೊದಲೇ ಮಾವ ತೀರಿಕೊಂಡಿದ್ದರು. "ಮಾಲೀಕರು ಇಲ್ಲವಲ್ಲ, ನೀವು ಯಾರು?" ಎಂದು ಕೇಳಿದರು. ಹುಲ್ಲು ಕೊಯ್ಯುವವಳು ನಾನು, ಸಗಣಿ ಬಾಚುವವಳು ನಾನು, ಆದರೆ ಅದಕ್ಕೆಲ್ಲ ಕಾಗದ ಎಲ್ಲಿಂದ ತರುವುದು? ಕಡೆಗೆ ನೆನಪಾದದ್ದು ಡೈರಿಯ ಪಾಸ್‌ಬುಕ್. ಹಾಲು ಹಾಕುತ್ತಿದ್ದುದು ನನ್ನ ಹೆಸರಲ್ಲಿ. ಅದರ ನಕಲು ಮತ್ತು ಹಾಲಿನ ಸಂಘದ ಪತ್ರ ಕೊಟ್ಟ ಮೇಲೆ ಫೈಲು ಮುಂದೆ ಹೋಯಿತು. ದನ ಹಾಲು ಕೊಡುತ್ತಿತ್ತು ಎನ್ನುವುದಕ್ಕೂ ಅದೇ ಸಾಕ್ಷಿ ಆಯಿತು.

ಆಗಿನ ಪರಿಹಾರದ ದರ ಹಾಲು ಕೊಡುವ ದನಕ್ಕೆ 30,000 ರೂಪಾಯಿ, ಕರುವಿಗೆ 16,000. 2022ರಲ್ಲಿ ಇದು 37,500 ಮತ್ತು 20,000 ಆಯಿತು. ತಮಾಷೆ ನೋಡಿ, ಪಟ್ಟಿಯಲ್ಲಿ ಕರು ಇರುವುದು ಹಾಲಿನ ದನದ ಜೊತೆ ಅಲ್ಲ, ಭಾರ ಹೊರುವ ಕತ್ತೆಯ ಸಾಲಿನಲ್ಲಿ! ನನ್ನದು ಹೆಣ್ಣುಗರು. ಹಾಲು ಕೊಡುವ ದೊಡ್ಡ ದನಗಳಿಗೆ ಒಂದು ಮನೆಗೆ ಮೂರರವರೆಗೆ ಮಾತ್ರ ಲೆಕ್ಕ, ಹತ್ತು ಸತ್ತರೂ ಅಷ್ಟೇ. ನನಗೆ 46,000 ಬಂತು. ಅದೇ ತರದ ದನ ತರಲು ಇನ್ನೂ ಜಾಸ್ತಿ ಬೇಕಿತ್ತು, ಉಳಿದದ್ದಕ್ಕೆ ಸಂಘದಲ್ಲಿ ಸಾಲ ಮಾಡಿದೆ.

ಆದರೂ ದೂರುವ ಮುಖ ನನಗಿಲ್ಲ. ಆಚೆ ಮನೆಯ ದೊಡ್ಡಮ್ಮನ ಮಲೆನಾಡು ಗಿಡ್ಡ ಎಂಬ ಸಣ್ಣ ನಾಟಿ ತಳಿಯ ಎರಡು ದನಗಳೂ ಅದೇ ನೀರಿಗೆ ಹೋದವು. ಗುಡ್ಡದಲ್ಲಿ ಮೇಯುವ ದನಗಳು. ಹಾಲು ಮನೆಗೇ ಆಗುತ್ತಿತ್ತು, ಡೈರಿಗೆ ಹಾಕಿದವರಲ್ಲ. ಓಲೆಯೂ ಇರಲಿಲ್ಲ. ಪಾಪ, ಸೋಮವಾರ ಮಧ್ಯಾಹ್ನವೇ ಇಬ್ಬರನ್ನು ಕರೆದು ಹೂಳಿಸಿಬಿಟ್ಟರು. ನಿಯಮದಲ್ಲಿ ತಳಿ ಕೇಳುವುದಿಲ್ಲ. ಗಿಡ್ಡಕ್ಕೂ ಅದೇ ಮೂವತ್ತು ಸಾವಿರ ಇತ್ತು. ಅವರಿಗೆ ಒಂದು ಪೈಸೆ ಬರಲಿಲ್ಲ. ವೈದ್ಯರು ಬರುವವರೆಗೆ ಕಾಯಿರಿ ಅಂತ ಅವರಿಗೂ ಕೂಗಿ ಹೇಳಬಹುದಿತ್ತು, ನನಗೆ ಹೊಳೆಯಲೇ ಇಲ್ಲ.

ಹೊಸ ದನಕ್ಕೆ ಓಲೆ ಹಾಕಿಸುವಾಗ ಪಕ್ಕದಲ್ಲೇ ನಿಂತು ನನ್ನ ಹೆಸರು ಬರೆಸಿದೆ. ದೊಡ್ಡಮ್ಮ ಆಮೇಲೆ ಮತ್ತೊಂದು ಗಿಡ್ಡ ಸಾಕಿದರು. ಅದಕ್ಕೂ ಹಟ ಮಾಡಿ ಓಲೆ ಹಾಕಿಸಿದ್ದೇನೆ. ಓಲೆಯ ನಂಬರ್ ಕಾಣುವ ಹಾಗೆ, ಅವರನ್ನೂ ದನದ ಪಕ್ಕ ನಿಲ್ಲಿಸಿ ಮಳೆಗಾಲಕ್ಕೆ ಮೊದಲು ನನ್ನ ಮೊಬೈಲಿನಲ್ಲಿ ಫೋಟೋ ತೆಗೆದಿಡುತ್ತೇನೆ. "ಸಾಕು ಮಾರಾಯ್ತಿ, ದನಕ್ಕೆ ದೃಷ್ಟಿ ತಾಗ್ತದೆ" ಎಂದು ಪ್ರತಿ ಸಲ ಬೈಯುತ್ತಾರೆ.