ಜೀಬ್ರಾ ಮೀನಿನ ಎಳೆಯ ಎಲುಬನ್ನು ರಾಮನ್ ರೋಹಿತದಲ್ಲಿ ಓದಿದ ಬಗೆ

ಎಲುಬು ಮೊದಮೊದಲು ಹೇಗೆ ಗಟ್ಟಿಯಾಗುತ್ತದೆ ಎಂಬುದನ್ನು ಜೀವಂತ ಮೀನಿನಲ್ಲಿಯೇ, ಬಣ್ಣ ಹಾಕದೆ, ಕತ್ತರಿಸದೆ, ಒಣಗಿಸದೆ ನೋಡುವುದು ನನ್ನ ಕೆಲಸ. ಮೀನು ಬದುಕಿರಲೇಬೇಕು ಎಂಬ ಹಟಕ್ಕೆ ಕರುಣೆಯಷ್ಟೇ ರಸಾಯನಶಾಸ್ತ್ರವೂ ಕಾರಣ. ಆಗತಾನೆ ಕೂಡಿಕೊಳ್ಳುತ್ತಿರುವ ಎಲುಬಿನ ಖನಿಜಕ್ಕೆ ಸ್ಥಿರತೆ ಕಡಿಮೆ. ಅಂಗಾಂಶವನ್ನು ಬಿಡಿಸಿ ಸಂರಕ್ಷಕ ದ್ರಾವಣದಲ್ಲಿಟ್ಟು ಒಣಗಿಸುವಷ್ಟರಲ್ಲಿ ಅದು ಬೇರೆಯದೇ ರೂಪ ತಾಳಿರಬಹುದು. 2008ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಂಶೋಧಕರು ಜೀಬ್ರಾ ಮೀನಿನ ಬೆಳೆಯುತ್ತಿರುವ ರೆಕ್ಕೆ ಎಲುಬುಗಳಲ್ಲಿ ಅಸ್ಫಟಿಕ ಕ್ಯಾಲ್ಸಿಯಂ ಫಾಸ್ಫೇಟ್ ಗಣನೀಯ ಪ್ರಮಾಣದಲ್ಲಿದೆ ಎಂದು ತೋರಿಸಿದರು. ಹರಳುಗಟ್ಟದ ಈ ಖನಿಜ ಮುಂದೆ ಹೈಡ್ರಾಕ್ಸಿ ಅಪಟೈಟ್ ಮಾದರಿಯ ಹರಳಾಗಿ ಮಾರ್ಪಡುತ್ತದೆ. ಆ ಮಾರ್ಪಾಟು ನಡೆಯುವ ಜಾಗವನ್ನು ಬೆಳಕಿನಿಂದ ಗುರುತಿಸಲು ನಾನು ರೂಢಿಸಿಕೊಂಡ ಕ್ರಮವನ್ನು, ಇದೇ ದಾರಿಯಲ್ಲಿ ಬರುವ ವಿದ್ಯಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಜೀಬ್ರಾ ಮೀನು ನಮ್ಮ ಉಪಖಂಡದ ಹೊಳೆ, ಗದ್ದೆ ಕಾಲುವೆಗಳದೇ ಜೀವಿ. ಅಮೆರಿಕದ ಆರಿಗನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಅವರು ಅದನ್ನು ಆನುವಂಶಿಕ ಸಂಶೋಧನೆಗೆ ಅಳವಡಿಸಿದ ಮೇಲೆ ಲೋಕದ ಪ್ರಯೋಗಾಲಯಗಳಿಗೆಲ್ಲ ಹಬ್ಬಿತು. 28.5 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮೊಟ್ಟೆ ಎರಡು ಮೂರು ದಿನಗಳಲ್ಲಿ ಮರಿಯಾಗುತ್ತದೆ. ಮರಿಯ ಮೈ ಎಷ್ಟು ಪಾರದರ್ಶಕವೆಂದರೆ ಬಡಿಯುವ ಹೃದಯವೂ ಹರಿಯುವ ರಕ್ತಕಣಗಳೂ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಬೆಳಕು ಒಳಹೋಗಿ ಹೊರಬರಬಲ್ಲ ಇಂಥ ಕಶೇರುಕ ನಮ್ಮಂಥವರಿಗೆ ದೊಡ್ಡ ಅನುಕೂಲ.

ರಾಮನ್ ವಿಧಾನದಲ್ಲಿ ವಸ್ತುವಿನ ಮೇಲೆ ಲೇಸರ್ ಬಿಟ್ಟು, ಬಣ್ಣ ಬದಲಿಸಿ ಚದುರಿ ಬರುವ ಬೆಳಕನ್ನು ರೋಹಿತವಾಗಿ, ಅಂದರೆ ಬಣ್ಣವಾರು ಹರಡಿದ ನಕ್ಷೆಯಾಗಿ ಓದುತ್ತೇವೆ; ಅದರಲ್ಲಿ ಏಳುವ ಪಟ್ಟಿಗಳು ವಸ್ತುವಿನ ಅಣುಗಳ ಗುರುತು. ಅವಕೆಂಪು ರೋಹಿತವನ್ನು ಬಿಟ್ಟು ಈ ವಿಧಾನವನ್ನೇ ಆರಿಸಿಕೊಂಡದ್ದು ನೀರಿನ ಕಾರಣಕ್ಕೆ. ಅವಕೆಂಪು ಬೆಳಕನ್ನು ನೀರು ಬಲವಾಗಿ ಹೀರುತ್ತದೆ. ಪ್ರೋಟೀನುಗಳನ್ನು ಗುರುತಿಸುವ ಅಮೈಡ್ ಪಟ್ಟಿಯ ಮೇಲೆಯೇ ಅದರ ಪಟ್ಟಿ ಬಂದು ಕೂರುತ್ತದೆ. ರಾಮನ್ ಚದುರುವಿಕೆಯಲ್ಲಿ ನೀರಿನ ದನಿ ಕ್ಷೀಣ. ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರಲ್ಲಿ ಕಲ್ಕತ್ತೆಯಲ್ಲಿ ಈ ಪರಿಣಾಮವನ್ನು ಮೊದಲು ಕಂಡದ್ದೂ ದ್ರವಗಳಲ್ಲಿಯೇ. ತೊಂದರೆಯೆಂದರೆ, ಬಣ್ಣ ಬದಲಿಸಿ ಚದುರುವ ಬೆಳಕು ತೀರ ಅಲ್ಪ. ಆದ್ದರಿಂದ ಆ ಅಲ್ಪವನ್ನು ಮುಚ್ಚಿಹಾಕುವ ಬೇರೆ ಬೆಳಕುಗಳನ್ನು ಒಂದೊಂದಾಗಿ ತೊಲಗಿಸುವುದರಲ್ಲಿಯೇ ನಮ್ಮ ಶ್ರಮದ ಹೆಚ್ಚಿನ ಪಾಲು ಸವೆಯುತ್ತದೆ.

ಮೊದಲನೆಯದು ಅಂಗಾಂಶದ ಸ್ವಂತ ಪ್ರತಿದೀಪ್ತಿ, ಅಂದರೆ ಲೇಸರನ್ನು ಹೀರಿ ಅದು ತಾನೇ ಹೊರಸೂಸುವ ಬೆಳಕು. 532 ನ್ಯಾನೋಮೀಟರಿನ ಹಸಿರು ಲೇಸರ್‌ನಲ್ಲಿ ರಾಮನ್ ಸಂಕೇತ ಬಲವಾಗಿ ಬಂದರೂ ಪ್ರತಿದೀಪ್ತಿಯೂ ಅಷ್ಟೇ ಏಳುತ್ತದೆ. ಕ್ಯಾರೊಟಿನಾಯ್ಡ್ ವರ್ಣಕಗಳು ಇರುವಲ್ಲಿ ಅವುಗಳ ಪಟ್ಟಿಗಳೇ ಮೆರೆಯುತ್ತವೆ. ಎಲುಬಿನ ಕೆಲಸಕ್ಕೆ ನಾನು 785 ನ್ಯಾನೋಮೀಟರಿನ ಲೇಸರನ್ನೇ ಬಳಸುತ್ತೇನೆ. ಸಂಕೇತ ದುರ್ಬಲವಾದ್ದರಿಂದ ಪ್ರತಿ ಬಿಂದುವಿನಲ್ಲಿ ಹೆಚ್ಚು ಹೊತ್ತು ಕಾಯಬೇಕು. ಜೀವಂತ ಅಂಗಾಂಶದ ಮಟ್ಟಿಗೆ ಆ ಕಾಯುವಿಕೆಯೇ ಲೇಸು. ಮಾಮೂಲಿ ಗಾಜು ಈ ಲೇಸರಿನಲ್ಲಿ ಅಗಲವಾದ ದಿಬ್ಬವನ್ನು ಎಬ್ಬಿಸುವುದರಿಂದ ಮೀನಿನ ಅಡಿಗೆ ಕ್ಯಾಲ್ಸಿಯಂ ಫ್ಲೋರೈಡಿನ ಬಿಲ್ಲೆ ಇಡುತ್ತೇನೆ. ದಿನದ ಕೆಲಸಕ್ಕೆ ಮೊದಲು ಸಿಲಿಕಾನಿನ 520.7ರ ಗೆರೆಯಿಂದ ಉಪಕರಣವನ್ನು ಹೊಂದಿಸುವುದು ಕಡ್ಡಾಯ. ಇಲ್ಲಿ ಬರುವ ಪಟ್ಟಿಗಳ ಸಂಖ್ಯೆಗಳೆಲ್ಲ ಒಂದು ಸೆಂಟಿಮೀಟರಿಗೆ ಎಷ್ಟು ಅಲೆಗಳು ಎಂಬ ಲೆಕ್ಕದವು. ನಾವು ಹುಡುಕುವ ವ್ಯತ್ಯಾಸ ಹತ್ತು ಅಲೆಗಳಷ್ಟೇ ಆಗಿರುವಾಗ ಒಂದೆರಡರ ಜಾರುವಿಕೆಯನ್ನೂ ಸಹಿಸಲಾಗದು.

ಎರಡನೆಯದು ಮೈಬಣ್ಣ. ಕಪ್ಪು ವರ್ಣಕೋಶದ ಮೇಲೆ ಲೇಸರ್ ಬಿದ್ದರೆ ಮೆಲನಿನ್ ಅದನ್ನು ಹೀರಿ ಬಿಸಿಯಾಗಿ ಅಂಗಾಂಶವೇ ಸುಡುತ್ತದೆ. ಭ್ರೂಣಗಳಲ್ಲಿ ಕಪ್ಪು ಮೂಡದಂತೆ ಫಿನೈಲ್‌ಥಯೋಯೂರಿಯಾ ಹಾಕುವುದು ವ್ಯಾಪಕ ರೂಢಿ. ಆದರೆ ಅದು ಥೈರಾಯ್ಡ್ ಹಾರ್ಮೋನಿನ ತಯಾರಿಗೂ ಅಡ್ಡಬರುವುದರಿಂದ, ಬೆಳವಣಿಗೆಯನ್ನೇ ಅಳೆಯುವ ಪ್ರಯೋಗಕ್ಕೆ ಅದು ಸಲ್ಲದೆಂಬುದು ನನ್ನ ಖಚಿತ ಅಭಿಪ್ರಾಯ. ಕಪ್ಪು ವರ್ಣಕೋಶಗಳು ಬೆಳೆಯದ ‘ಕ್ಯಾಸ್ಪರ್’ ತಳಿಯ ಮೀನುಗಳನ್ನು ಸಾಕಿಕೊಳ್ಳುವುದು ಮೇಲು. ಬೆಳ್ಳಿಯಂತೆ ಹೊಳೆಯುವ ಕೋಶಗಳೂ ಅವುಗಳಲ್ಲಿ ಇರುವುದಿಲ್ಲವೆಂಬುದು ಇನ್ನೊಂದು ಲಾಭ. ಆ ಹೊಳಪಿಗೆ ಕಾರಣವಾದ ಗ್ವಾನಿನ್ ಹರಳುಗಳು 650ರ ಬಳಿ ಚೂಪಾದ ಪಟ್ಟಿಯನ್ನು ಕೊಡುವುದಲ್ಲದೆ, 940ಕ್ಕೆ ಸಮೀಪ ಇನ್ನೊಂದನ್ನು ಕೊಟ್ಟು ಖನಿಜದ ಪಟ್ಟಿಯ ಬುಡವನ್ನು ಕಲಸಿಬಿಡುತ್ತವೆ.

ಮೀನನ್ನು ಅಲುಗದಂತೆ ಇರಿಸುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಅರಿವಳಿಕೆಗೆ ಟ್ರೈಕೇನ್ ಬಳಸುತ್ತೇವೆ. ಅದು ನೀರನ್ನು ಆಮ್ಲೀಯಗೊಳಿಸುವುದರಿಂದ ಆಮ್ಲತೆಯನ್ನು ತಗ್ಗಿಸುವ ಟ್ರಿಸ್ ಸೇರಿಸಿ ಪಿಎಚ್ ಅನ್ನು 7ಕ್ಕೆ ತರದೆ ಮೀನನ್ನು ಅದರಲ್ಲಿ ಬಿಡಬಾರದು. ನಂತರ ಕಡಿಮೆ ಶಾಖದಲ್ಲಿ ಕರಗಿ, ಆರಿದಾಗ ಜೆಲ್ಲಿಯಂತೆ ಹೆಪ್ಪುಗಟ್ಟುವ ಅಗರೋಸನ್ನು ಕೈಗೆ ಉಗುರುಬೆಚ್ಚಗೆ ಎನ್ನುವಷ್ಟು ಆರಿಸಿ, ಮೀನನ್ನು ಪಕ್ಕಕ್ಕೆ ಮಲಗಿಸಿ, ಬಾಲ ಬಿಲ್ಲೆಗೆ ಸಮಾನಾಂತರವಾಗಿ ನಿಲ್ಲುವಂತೆ ಹಿಡಿದು ಗಟ್ಟಿಯಾಗಲು ಬಿಡುತ್ತೇನೆ. ದಿಕ್ಕಿನ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಲೇಸರಿನ ಬೆಳಕು ಧ್ರುವೀಕೃತ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು, ಆದ್ದರಿಂದ ಎಲುಬಿನ ಚೌಕಟ್ಟಾದ ಕೊಲಾಜನ್ ಪ್ರೋಟೀನಿನ ಎಳೆಗಳು ಅದಕ್ಕೆ ಯಾವ ಕೋನದಲ್ಲಿವೆ ಎಂಬುದರ ಮೇಲೆ ಪಟ್ಟಿಗಳ ಎತ್ತರ ಬದಲಾಗುತ್ತದೆ. ಒಂದು ಮೀನು ಉದ್ದಕ್ಕೂ ಇನ್ನೊಂದು ಓರೆಯಾಗಿಯೂ ಮಲಗಿದ್ದರೆ ಅವುಗಳ ಹೋಲಿಕೆಗೆ ಬೆಲೆಯಿಲ್ಲ. ಮೊಟ್ಟೆಯೊಡೆದ ಮೊದಲ ದಿನಗಳ ಮರಿಗೆ ಚರ್ಮದ ಮೂಲಕವೇ ಸಾಕಷ್ಟು ಆಮ್ಲಜನಕ ಸಿಗುತ್ತದೆ. ಆದರೆ ರೆಕ್ಕೆಯ ಕಡ್ಡಿಗಳು ಮೂಡುವ ವೇಳೆಗೆ ಮೀನು ಕಿವಿರುಗಳನ್ನು ನೆಚ್ಚಿಕೊಳ್ಳತೊಡಗಿರುವುದರಿಂದ, ತಲೆಯ ಸುತ್ತಲಿನ ಅಗರೋಸನ್ನು ಬ್ಲೇಡಿನಿಂದ ಬಿಡಿಸಿ, ತೆಳುವಾದ ಅರಿವಳಿಕೆ ಬೆರೆತ ತಾಜಾ ನೀರು ಬಾಯಿಯ ಮುಂದೆ ಸದಾ ಹರಿಯುವಂತೆ ಮಾಡಬೇಕು.

ಬಾಲದ ರೆಕ್ಕೆಯನ್ನು ಆಯ್ದುಕೊಂಡದ್ದಕ್ಕೆ ಅದರ ರಚನೆಯೇ ಕಾರಣ. ರೆಕ್ಕೆಯ ಒಂದೊಂದು ಎಲುಬಿನ ಕಡ್ಡಿಯೂ ಕಬ್ಬಿನ ಜಲ್ಲೆಯಂತೆ ಗಿಣ್ಣು ಗಿಣ್ಣಾಗಿ ತುದಿಯಲ್ಲಿ ಬೆಳೆಯುತ್ತದೆ: ಬುಡದ ತುಂಡು ಹಳೆಯದು, ತುದಿಯದು ಹೊಚ್ಚ ಹೊಸದು. ಹೀಗಾಗಿ ಒಂದೇ ಮೀನಿನ ಒಂದೇ ಕಡ್ಡಿಯ ಮೇಲೆ ಲೇಸರನ್ನು ಬುಡದಿಂದ ತುದಿಗೆ ಸರಿಸುತ್ತ ಹೋದರೆ ಎಲುಬಿನ ವಯಸ್ಸು ಇಳಿಯುತ್ತ ಬರುತ್ತದೆ. ಬುಡದಲ್ಲಿ ಫಾಸ್ಫೇಟಿನ ಪಟ್ಟಿ 960ರಲ್ಲಿ ನೆಟ್ಟಗೆ, ಚೂಪಾಗಿ ನಿಲ್ಲುತ್ತದೆ, ಅದರ ಪಕ್ಕದಲ್ಲಿ 1070ರ ಹತ್ತಿರ ಕಾರ್ಬೊನೇಟಿನದು ಕಾಣುತ್ತದೆ. ತುದಿಯತ್ತ ಬಂದಂತೆ ಫಾಸ್ಫೇಟಿನ ಪಟ್ಟಿ ಗಿಡ್ಡವಾಗುತ್ತ, ಅಗಲವಾಗುತ್ತ, 950ರ ಕಡೆಗೆ ವಾಲುತ್ತದೆ; ಅಸ್ಫಟಿಕ ಖನಿಜದ ಗುರುತು ಅದು. ಇನ್ನೂ ಮುಂದೆ ಹೋದರೆ ಖನಿಜವೇ ಇಲ್ಲ, ಕೊಲಾಜನ್ನಿನ ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೊ ಆಮ್ಲಗಳ ಪಟ್ಟಿಗಳು 855 ಮತ್ತು 875ರ ಆಸುಪಾಸಿನಲ್ಲಿ, ಫಿನೈಲ್‌ಅಲನಿನ್ನಿನದು 1003ರಲ್ಲಿ ಉಳಿಯುತ್ತವೆ. ಚೌಕಟ್ಟು ಮೊದಲು, ಖನಿಜ ಆಮೇಲೆ ಎಂದು ಪಠ್ಯಗಳಲ್ಲಿ ಓದಿದ್ದು ಉಸಿರಾಡುವ ಜೀವಿಯೊಂದರ ಕೆಲವೇ ನೂರು ಮೈಕ್ರಾನ್ ಉದ್ದದಲ್ಲಿ ಹೀಗೆ ಸಾಲಾಗಿ ತೆರೆದುಕೊಳ್ಳುವುದನ್ನು ನೋಡುವಾಗ ಇಂದಿಗೂ ನನಗೆ ಅಪಾರ ಸಂತೋಷವಾಗುತ್ತದೆ.

ಕಡ್ಡಿಯ ಮೇಲೆ ತೆಗೆದ ಪ್ರತಿ ರೋಹಿತಕ್ಕೂ ಜೊತೆಯಾಗಿ ಎರಡು ಕಡ್ಡಿಗಳ ನಡುವಿನ ಮೃದು ಪೊರೆಯಲ್ಲಿ ಒಂದು, ಮೀನಿಲ್ಲದ ಅಗರೋಸಿನಲ್ಲಿ ಇನ್ನೊಂದು ರೋಹಿತವನ್ನು ಅದೇ ಆಳದಲ್ಲಿ, ಅಷ್ಟೇ ಹೊತ್ತು ತೆಗೆಯುತ್ತೇನೆ. ಇದು ವೇಳೆಯ ವ್ಯಯವೆಂದು ಹೊಸಬರಿಗೆ ತೋರುತ್ತದೆ. ಆದರೆ ಅಳತೆಯೊಳಗೆ ಬೆರೆತ ನೀರು, ಅಗರೋಸ್, ಚರ್ಮಗಳ ಪಾಲನ್ನು ಪ್ರಾಮಾಣಿಕವಾಗಿ ಕಳೆಯಲು ಬೇರೆ ದಾರಿಯಿಲ್ಲ. ತಂತ್ರಾಂಶದ ಬಹುಪದ ರೇಖೆಯಿಂದ ಹಿನ್ನೆಲೆಯನ್ನು ಕಳೆಯುವಾಗಲೂ ಅದರ ಘಾತವನ್ನು ಮೊದಲೇ ನಿಗದಿಮಾಡಿ ಎಲ್ಲ ರೋಹಿತಗಳಿಗೂ ಒಂದನ್ನೇ ಬಳಸಬೇಕು. ಬಳುಕು ಹೆಚ್ಚಾದ ರೇಖೆ ಅಸ್ಫಟಿಕ ಖನಿಜದ ಅಗಲ ಪಟ್ಟಿಯನ್ನೇ ಹಿನ್ನೆಲೆಯೆಂದು ತಿಳಿದು ನುಂಗಿಬಿಡುತ್ತದೆ. ಕಾಸ್ಮಿಕ್ ಕಿರಣಗಳಿಂದ ಏಳುವ ಮುಳ್ಳುಗಳನ್ನು ತೆಗೆಯುವುದು ಸುಲಭ. ಒಂದೇ ಬಿಂದುವನ್ನು ಎರಡು ಸಲ ಅಳೆದರೆ ಅವು ತಾವೇ ಗೊತ್ತಾಗುತ್ತವೆ.

ಮೀನುಗಳನ್ನು ಹೋಲಿಸುವಾಗ ವಯಸ್ಸನ್ನು ದಿನಗಳಲ್ಲಿ ಎಣಿಸುವುದನ್ನು ನಾನು ಒಪ್ಪುವುದಿಲ್ಲ. ಒಂದೇ ದಿನ ಹುಟ್ಟಿದ ಮರಿಗಳು ಆಹಾರಕ್ಕೂ ತೊಟ್ಟಿಯ ದಟ್ಟಣೆಗೂ ತಕ್ಕಂತೆ ಬೇರೆ ಬೇರೆ ವೇಗದಲ್ಲಿ ಬೆಳೆಯುತ್ತವೆ. ಮೂತಿಯಿಂದ ಬಾಲದ ಬುಡದವರೆಗಿನ ಉದ್ದವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಎಲುಬಿನ ಹಂತಗಳು ಹೊಂದಿಕೊಳ್ಳುತ್ತವೆ.

ಅಳತೆ ಮುಗಿದ ಮೀನನ್ನು ಅಗರೋಸಿನಿಂದ ಬಿಡಿಸಿ ತಿಳಿನೀರಿಗೆ ಬಿಟ್ಟು, ಅದು ಎದ್ದು ಈಜುವವರೆಗೂ ನೋಡುತ್ತೇನೆ. ಜೊತೆಗೆ ಅದರ ಒಡಹುಟ್ಟುಗಳಲ್ಲಿ ಕೆಲವಕ್ಕೆ ಅರಿವಳಿಕೆ ಕೊಟ್ಟು, ಅಷ್ಟೇ ಹೊತ್ತು ಅಗರೋಸಿನಲ್ಲಿ ಇಟ್ಟು, ಲೇಸರ್ ಮಾತ್ರ ಬಿಡದೆ ಹೊರತೆಗೆಯುತ್ತೇನೆ. ಮುಂದಿನ ದಿನಗಳಲ್ಲಿ ಎರಡೂ ಗುಂಪುಗಳ ಆಹಾರ ಸೇವನೆ, ಉದ್ದ, ರೆಕ್ಕೆಯ ಬೆಳವಣಿಗೆ ಒಂದೇ ತೆರನಾಗಿದ್ದರೆ ಮಾತ್ರ ಲೇಸರ್ ಬಿದ್ದ ಮೀನಿನ ರೋಹಿತಗಳು ನನ್ನ ಲೆಕ್ಕಕ್ಕೆ ಸೇರುತ್ತವೆ. ಚೇತರಿಸಿಕೊಳ್ಳದ ಮೀನಿನ ರೋಹಿತ ಎಷ್ಟೇ ಅಂದವಾಗಿ ಬಂದಿರಲಿ, ಅದನ್ನು ನಾನು ಎಳೆಯ ಎಲುಬಿನ ಸಾಕ್ಷ್ಯವೆಂದು ಪರಿಗಣಿಸುವುದಿಲ್ಲ. ಅದು ಸಾಯುತ್ತಿದ್ದ ಅಂಗಾಂಶದ ರೋಹಿತವಾಗಿರಬಹುದು. ಪ್ರಾಣಿ ನೀತಿ ಸಮಿತಿಗೆ ಸಲ್ಲಿಸುವ ಯೋಜನೆಯಲ್ಲಿಯೂ ಈ ಹೋಲಿಕೆಯ ಗುಂಪನ್ನು ಮೊದಲೇ ಸೇರಿಸಿರಬೇಕು, ಆಮೇಲೆ ಸೇರಿಸಲು ಮೀನುಗಳ ಲೆಕ್ಕ ಒದಗುವುದಿಲ್ಲ.

ಕೊನೆಯ ತಾಳೆಗೆ ಅಲಿಜರಿನ್ ಕೆಂಪನ್ನು ಬಳಸುತ್ತೇನೆ. ಖನಿಜವಿರುವಲ್ಲೆಲ್ಲ ಅಂಟುವ ಈ ಬಣ್ಣ ತಾನೂ ಪ್ರತಿದೀಪಿಸಿ ರಾಮನ್ ಸಂಕೇತವನ್ನು ಮುಳುಗಿಸಬಲ್ಲದಾದ್ದರಿಂದ, ರೋಹಿತಗಳೆಲ್ಲ ಸಿಕ್ಕಿದ ಮೇಲೆಯೇ ಅದರ ಸರದಿ. ಕೆಂಪು ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಫಾಸ್ಫೇಟಿನ ಪಟ್ಟಿ ಮರೆಯಾದ ಬಿಂದುವಿನೊಡನೆ ಅದೇ ಕಡ್ಡಿಯಲ್ಲಿ ಇಟ್ಟು ನೋಡುತ್ತೇನೆ. ಎರಡೂ ಒಂದೆಡೆ ಕೂಡಿಬಾರದ ಕಡ್ಡಿಗಳನ್ನು ಬದಿಗಿಟ್ಟು, ಅವುಗಳ ಮೂಲ ರೋಹಿತಗಳನ್ನು ಹಿನ್ನೆಲೆ ಕಳೆಯುವ ಮುಂಚಿನ ರೂಪದಲ್ಲಿಯೇ ಮತ್ತೊಮ್ಮೆ ಬಿಂದು ಬಿಂದುವಾಗಿ ಓದುತ್ತೇನೆ.